ಹವ್ಯಾಸಿಗಳ ಪಿಸಿಬಿ: ಫಲಕಕ್ಕೂ ಮೊದಲು ಪೆಟ್ಟಿಗೆಯನ್ನು ಯೋಚಿಸಿ

ಬೆಂಗಳೂರು: ಸಂಪಿನ ನೀರನ್ನು ತಾರಸಿಯ ತೊಟ್ಟಿಗೆ ತಾನಾಗಿಯೇ ಏರಿಸುವ ನಿಯಂತ್ರಕವು ಎಲೆಕ್ಟ್ರಾನಿಕ್ಸ್ ಹವ್ಯಾಸಿಗಳ ಅಚ್ಚುಮೆಚ್ಚಿನ ಪ್ರಯೋಗಗಳಲ್ಲೊಂದು. ಬ್ರೆಡ್‌ಬೋರ್ಡ್ ಮೇಲೆ ಇದರ ಮಾದರಿಯನ್ನು ಬೇಗನೆ ಜೋಡಿಸಬಹುದು. ಆದರೆ ಅದು ವರ್ಷಗಟ್ಟಲೆ ಸುರಕ್ಷಿತವಾಗಿ ಕೆಲಸ ಮಾಡಬೇಕಾದರೆ ಅದಕ್ಕೆಂದೇ ರೂಪಿಸಿದ ಪಿಸಿಬಿ ಹಾಗೂ ಹೊರಪೆಟ್ಟಿಗೆ ಅಗತ್ಯ. ಇವೆರಡನ್ನೂ ಒಂದೇ ವಿನ್ಯಾಸವೆಂದು ಪರಿಗಣಿಸಬೇಕು.

ಅನುಕೂಲಗಳ ನಗರ

ಈ ಕೆಲಸಕ್ಕೆ ಬೇಕಾದುದೆಲ್ಲ ಬೆಂಗಳೂರಿನಲ್ಲೇ ದೊರೆಯುತ್ತದೆ. ಸಾಫ್ಟ್‌ವೇರ್‌ಗೆ ಹೆಸರಾಗುವ ಮೊದಲೇ ಎಲೆಕ್ಟ್ರಾನಿಕ್ ಸಿಟಿಯು ಎಲೆಕ್ಟ್ರಾನಿಕ್ಸ್ ಉದ್ಯಮಕ್ಕಾಗಿ ರೂಪುಗೊಂಡಿತ್ತು. ಆರ್.ಕೆ. ಬಾಳಿಗಾ ಅವರ ಕಲ್ಪನೆಯಂತೆ ಕಿಯೋನಿಕ್ಸ್ ಸಂಸ್ಥೆ 1978ರಲ್ಲಿ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರಿನ ಸುಮಾರು 330 ಎಕರೆಯಲ್ಲಿ ಇದನ್ನು ಸ್ಥಾಪಿಸಿತು. ಪೀಣ್ಯದಲ್ಲಿ ತಗಡು ಕತ್ತರಿಸುವ, ಬಾಗಿಸುವ ಹಾಗೂ ಪೌಡರ್ ಕೋಟಿಂಗ್ ಮಾಡುವ ಸಣ್ಣ ಘಟಕಗಳು ಹೇರಳವಾಗಿವೆ. ಬಿಡಿಭಾಗಗಳಿಗೆ ಎಸ್.ಪಿ. ರಸ್ತೆಯ ಅಂಗಡಿಗಳಿವೆ.

ಪೆಟ್ಟಿಗೆಯಿಂದ ಆರಂಭ

ಫಲಕವನ್ನು ಮೊದಲು ಮಾಡಿಸಿ, ಬಳಿಕ ಅದಕ್ಕೆ ಪೆಟ್ಟಿಗೆ ಹುಡುಕಲು ಹೊರಟರೆ ಹಣ ವ್ಯರ್ಥವಾಗುವ ಸಂಭವವೇ ಹೆಚ್ಚು. ಸಿದ್ಧ ಪೆಟ್ಟಿಗೆಯೊಂದನ್ನು ಮೊದಲೇ ಕೊಂಡು, ಅದರ ಒಳ ಅಳತೆ ಮತ್ತು ಸ್ಕ್ರೂ ಕಂಬಗಳ ಸ್ಥಾನಕ್ಕೆ ತಕ್ಕಂತೆ ಫಲಕದ ಅಂಚನ್ನು ಗುರುತಿಸುವುದು ಲೇಸು. 3 ಮಿ.ಮೀ. ಸ್ಕ್ರೂಗೆ 3.2 ಮಿ.ಮೀ. ರಂಧ್ರವಿರಲಿ. ಅದರ ತಲೆ ಕೂರುವ ಜಾಗದಲ್ಲಿ ತಾಮ್ರದ ಗೆರೆ ಹಾಯಬಾರದು.

ರೇಖಾವಿನ್ಯಾಸಕ್ಕೆ ಕೈಕ್ಯಾಡ್ ಎಂಬ ಉಚಿತ ತಂತ್ರಾಂಶವಿದೆ. ಜೀನ್ ಪಿಯರ್ ಷರಾಸ್ ಅವರು 1992ರಲ್ಲಿ ಇದನ್ನು ಆರಂಭಿಸಿದರು. ಸಾಮಾನ್ಯ ಫಲಕದ ದಪ್ಪ 1.6 ಮಿ.ಮೀ., ತಾಮ್ರದ ಪದರ 35 ಮೈಕ್ರಾನ್. ತಯಾರಕರಿಗೆ ಗರ್ಬರ್ ಕಡತಗಳ ಜೊತೆ ರಂಧ್ರಗಳ ಕಡತವನ್ನೂ ಕೊಡಬೇಕು. ಕಳುಹಿಸುವ ಮುನ್ನ ವಿನ್ಯಾಸವನ್ನು ನೈಜ ಅಳತೆಯಲ್ಲಿ ಕಾಗದದ ಮೇಲೆ ಮುದ್ರಿಸಿ, ಬಿಡಿಭಾಗಗಳನ್ನು ಅದರ ಮೇಲಿಟ್ಟು ನೋಡಿದರೆ ಅನೇಕ ತಪ್ಪುಗಳು ಅಲ್ಲಿಯೇ ಬಯಲಾಗುತ್ತವೆ.

ಜೀವ ಕಾಯುವ ಅಂತರ

ನೀರಿನ ನಿಯಂತ್ರಕದಲ್ಲಿ ಒಂದು ಕಡೆ 230 ವೋಲ್ಟ್ ವಿದ್ಯುತ್, ಇನ್ನೊಂದು ಕಡೆ ಸಂಪಿನ ನೀರಿಗೆ ಇಳಿಬಿಟ್ಟ ಸಂವೇದಕದ ತಂತಿ. ಇವೆರಡರ ನಡುವಿನ ನಿರೋಧಕತೆ ಕೆಟ್ಟರೆ ಮನೆಮಂದಿ ಮುಟ್ಟುವ ನೀರಿಗೇ ವಿದ್ಯುತ್ ಹರಿಯಬಹುದು. ಆದ್ದರಿಂದ ಕಡಿಮೆ ವೋಲ್ಟೇಜಿನ ಭಾಗಕ್ಕೆ ಪ್ರತ್ಯೇಕಿತ ವಿದ್ಯುತ್ ಪೂರೈಕೆ ಇರಲೇಬೇಕು. ಫಲಕದಲ್ಲಿ ಎರಡೂ ಭಾಗಗಳ ತಾಮ್ರದ ನಡುವೆ 6.5 ಮಿ.ಮೀ.ಗಿಂತ ಕಡಿಮೆ ಅಂತರ ಇರಬಾರದು. ರಿಲೇಯ ಕೆಳಗೆ ಫಲಕವನ್ನು ಸೀಳಿ ಬಿಡುವುದು ಇನ್ನೂ ಉತ್ತಮ. ಪೆಟ್ಟಿಗೆಯೊಳಗೂ ಎರಡು ಬಗೆಯ ತಂತಿಗಳು ಬೇರೆ ಬೇರೆ ದಾರಿಯಲ್ಲೇ ಸಾಗಬೇಕು.

1 ಆಂಪಿಯರ್‌ಗೆ ಸುಮಾರು 0.3 ಮಿ.ಮೀ. ಅಗಲದ ಗೆರೆ ಸಾಕು. ಆದರೆ 1 ಅಶ್ವಶಕ್ತಿಯ ಮೋಟಾರು ಓಡುವಾಗ ಹಲವು ಆಂಪಿಯರ್ ಸೆಳೆಯುತ್ತದೆ, ಚಾಲೂ ಆಗುವ ಕ್ಷಣದಲ್ಲಿ ಅದರ ಹಲವು ಪಟ್ಟು ಸೆಳೆಯುತ್ತದೆ. ಹೀಗಾಗಿ ಮೋಟಾರಿನ ವಿದ್ಯುತ್ತನ್ನು ಫಲಕದ ಮೂಲಕ ಹಾಯಿಸದೆ, ರಿಲೇಯಿಂದ ಕಾಂಟ್ಯಾಕ್ಟರ್ ಒಂದನ್ನು ಚಾಲನೆ ಮಾಡಿಸುವುದು ಕ್ಷೇಮಕರ.

ಲೋಹವೋ, ಪ್ಲಾಸ್ಟಿಕ್ಕೋ?

ತಗಡಿನ ಪೆಟ್ಟಿಗೆ ಗಟ್ಟಿ. ಆದರೆ ಅದಕ್ಕೆ ಭೂಸಂಪರ್ಕ ಕಡ್ಡಾಯ. ಪೌಡರ್ ಕೋಟಿಂಗ್ ವಿದ್ಯುತ್ ನಿರೋಧಕವಾದುದರಿಂದ, ಅರ್ಥಿಂಗ್ ತಂತಿ ಬಿಗಿಯುವ ಜಾಗಕ್ಕೆ ಬಣ್ಣ ಬಳಿಯಬಾರದೆಂದು ನಕಾಶೆಯಲ್ಲೇ ಸೂಚಿಸಬೇಕು. ಮುಚ್ಚಳ ಬಿಚ್ಚಬಹುದಾದರೆ ಅದಕ್ಕೂ ಪ್ರತ್ಯೇಕ ತಂತಿ ಬೇಕು. ವೈಫೈ ಬಳಸುವ ಸಾಧನವಾದರೆ ಲೋಹದ ಪೆಟ್ಟಿಗೆ ಸಂಕೇತವನ್ನು ತಡೆಯುತ್ತದೆ. ಆಂಟೆನಾವನ್ನು ಹೊರಗಿಡಬೇಕಾಗುತ್ತದೆ.

ತ್ರೀಡಿ ಮುದ್ರಣದಲ್ಲಿ ಬಳಕೆಯಾಗುವ ಪಿಎಲ್‌ಎ ಪ್ಲಾಸ್ಟಿಕ್ ಸುಮಾರು 60 ಡಿಗ್ರಿ ಸೆಲ್ಸಿಯಸ್‌ನಲ್ಲೇ ಮೆತ್ತಗಾಗುತ್ತದೆ. ಬಿಸಿಲು ಬೀಳುವ ತಾರಸಿಗೆ ಇದು ತಕ್ಕುದಲ್ಲ. ಅಲ್ಲಿಗೆ ಐಪಿ65 ದರ್ಜೆಯ ಸಿದ್ಧ ಪೆಟ್ಟಿಗೆ ಸೂಕ್ತ. ಇದು ಧೂಳನ್ನೂ ನೀರಿನ ಎರಚಲನ್ನೂ ತಡೆಯುತ್ತದೆ. ತಂತಿಗಳು ಕೆಳಗಿನಿಂದ, ಬಿಗಿಯಾದ ಕೇಬಲ್ ಗ್ಲ್ಯಾಂಡ್ ಮೂಲಕವೇ ಒಳಬರಲಿ. ಮೇಲೆ ಕೊರೆದ ಒಂದು ರಂಧ್ರ ಸಾಕು, ಆ ದರ್ಜೆಗೆ ಅರ್ಥ ಉಳಿಯುವುದಿಲ್ಲ.

ಮನೆಯಲ್ಲೇ ಫಲಕ ಮಾಡುವವರಿಗೆ

ಫೆರಿಕ್ ಕ್ಲೋರೈಡ್ ದ್ರಾವಣದಿಂದ ಮನೆಯಲ್ಲೇ ತಾಮ್ರ ಕರಗಿಸುವವರು ಕೈಗವಸು, ಕನ್ನಡಕ ಧರಿಸಬೇಕು. ಬಳಸಿದ ದ್ರಾವಣದಲ್ಲಿ ತಾಮ್ರದ ಅಂಶ ಇರುವುದರಿಂದ ಅದನ್ನು ಚರಂಡಿಗೆ ಸುರಿಯಬಾರದು.

ಕೊನೆಯ ಪರೀಕ್ಷೆ

ಮೊದಲ ಬಾರಿಗೆ ಚಾಲೂ ಮಾಡುವಾಗ ಮೋಟಾರಿನ ಬದಲು ಬಲ್ಬನ್ನು ಜೋಡಿಸಿ ನೋಡುವುದು ಒಳ್ಳೆಯದು. ಸೋರಿಕೆ ವಿದ್ಯುತ್ತನ್ನು ಪತ್ತೆಹಚ್ಚಿ ಕಡಿತಗೊಳಿಸುವ ಆರ್‌ಸಿಸಿಬಿ ಮನೆಯಲ್ಲಿ ಇಲ್ಲದಿದ್ದರೆ ಅದನ್ನು ಮೊದಲು ಅಳವಡಿಸಬೇಕು. 230 ವೋಲ್ಟ್ ಭಾಗವನ್ನು ಪರವಾನಗಿ ಇರುವ ವಿದ್ಯುತ್ ಗುತ್ತಿಗೆದಾರರಿಂದ ಪರಿಶೀಲಿಸಿದ ಬಳಿಕವೇ ಸಂವೇದಕವನ್ನು ಸಂಪಿಗೆ ಇಳಿಸಬೇಕು.