ಕೈಗುಣ, ಕಾಲ್ಗುಣ

ಕಾಯಿಲೆ ವಾಸಿಯಾದುದನ್ನು ಕನ್ನಡಿಗರು ‘ಗುಣವಾಯಿತು’ ಎನ್ನುತ್ತಾರೆ. ಸಂಸ್ಕೃತದಿಂದ ಬಂದ ಈ ಎರಡಕ್ಷರದ ಶಬ್ದಕ್ಕೆ ತನ್ನ ತವರಿನಲ್ಲಿ ನೂಲೆಂದೂ ಬಿಲ್ಲಿನ ಹೆದೆಯೆಂದೂ ಸ್ವಭಾವವೆಂದೂ ಒಳ್ಳೆಯತನವೆಂದೂ ಅರ್ಥಗಳುಂಟು; ಸಾಂಖ್ಯರು ಪ್ರಕೃತಿಯನ್ನು ಮೂರು ಗುಣಗಳಾಗಿ ಬಿಡಿಸಿದರು, ಆಲಂಕಾರಿಕರು ಕಾವ್ಯದ ಗುಣಗಳನ್ನು ಎಣಿಸಿದರು, ವೈಯಾಕರಣರು ಒಂದು ಸಂಧಿಗೇ ಅದರ ಹೆಸರನ್ನಿಟ್ಟರು; ಮರಳ ಮೇಲೆ ಕ ಕಾ ಕಿ ಕೀ ತಿದ್ದುವ ಮಗುವೂ ಕಾಗುಣಿತದ ಮೂಲಕ ಅದರ ನೆರಳಿನಲ್ಲಿಯೇ ಕುಳಿತಿರುತ್ತದೆ. ಆದರೆ ಹಾಸಿಗೆ ಹಿಡಿದವನು ಎದ್ದು ಕುಳಿತು ಗಂಜಿ ಬೇಡುವ ಆ ಗಳಿಗೆಗೆ ಈ ಶಬ್ದವನ್ನು ಮೀಸಲಿಟ್ಟದ್ದು ಕನ್ನಡ ತಮಿಳುಗಳಂತಹ ನಮ್ಮ ಭಾಷೆಗಳ ಹೃದಯವಂತಿಕೆ. ‘ಹುಟ್ಟುಗುಣ ಸುಟ್ಟರೂ ಹೋಗದು’ ಎನ್ನುವಾಗ ಗುಣವೆಂಬುದು ಬಿಟ್ಟುಹೋಗದ ವಸ್ತು. ರೋಗಿಯ ಮಗ್ಗುಲಲ್ಲಿ ಕುಳಿತವರಿಗೆ ಅದೇ ಗುಣವು ಯಾವಾಗ ಬರುವುದೋ ಎಂದು ಬಾಗಿಲು ನೋಡಿಸುವ ಅತಿಥಿ.

ಈ ಶಬ್ದದ ಬೆಡಗನ್ನು ನನಗೆ ಕಾಣಿಸಿದವರು ನಮ್ಮ ತಾತ. ಸರ್ಕಾರಿ ಆಸ್ಪತ್ರೆಗಳಲ್ಲಿ ಕಾಂಪೌಂಡರಾಗಿ ಬಹುಕಾಲ ದುಡಿದು, ನಿವೃತ್ತಿಯಾದ ಮೇಲೆ ಊರ್ಡಿಗೆರೆಯ ಮನೆಯಲ್ಲಿ ನೆಲೆಸಿದ ಅವರನ್ನು, ದೇವರಾಯನದುರ್ಗದ ತಪ್ಪಲಿನ ಹಳ್ಳಿಗಳವರು ನಿವೃತ್ತರೆಂದು ಒಪ್ಪಿಕೊಳ್ಳಲೇ ಇಲ್ಲ. ರೋಗಿಯು ಮನೆಯಿಂದ ತಂದ ಸೀಸೆಯನ್ನು ತೊಳೆದು, ವೈದ್ಯರ ಚೀಟಿಯಂತೆ ಮಿಕ್ಸ್ಚರನ್ನು ಅಳೆದು ಬೆರೆಸಿ, ಹೊತ್ತು ಹೊತ್ತಿಗೆ ಎಷ್ಟೆಷ್ಟು ಕುಡಿಯಬೇಕೆಂಬುದು ಓದುಬಾರದವನಿಗೂ ತಿಳಿಯುವಂತೆ ಅಂಚನ್ನು ಹಲ್ಲುಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿಯನ್ನು ಅದರ ಮೈಗೆ ಅಂಟಿಸಿ ಕೊಡುವುದು ಅಂದಿನ ಕಾಂಪೌಂಡರ ವಿದ್ಯೆ. ಆ ಕತ್ತರಿಯ ಕೆಲಸವನ್ನು ತಾತ ಮುಪ್ಪಿನಲ್ಲಿಯೂ, ನಮಗೆ ಕಾಗದದ ಹೂ ಮಾಡಿಕೊಡುವ ನೆಪದಿಂದ, ಬಿಟ್ಟಿರಲಿಲ್ಲ. ಹಳೆಯ ರೋಗಿಯೊಬ್ಬನು ಜಗಲಿಯ ಮೇಲೆ ಕುಳಿತು, ‘ನಿಮ್ಮ ಕೈಗುಣ ಸ್ವಾಮಿ, ಎರಡೇ ಗುಟುಕಿಗೆ ಜ್ವರ ಬಿಡ್ತು’ ಎಂದು ಹೊಗಳಿದರೆ ತಾತನ ಉತ್ತರ ಸಿದ್ಧವಾಗಿರುತ್ತಿತ್ತು: ‘ಕೈಗುಣ ನಂದಲ್ಲ ಕಣಪ್ಪ, ಕಾಲ್ಗುಣ ನಿಂದು. ಜ್ವರ ಬಂದ ಮಾರನೇ ದಿನವೇ ನಡ್ಕೊಂಡು ಬಂದೆಯಲ್ಲ, ಅದಕ್ಕೇ ಬಿಡ್ತು.’

ಕಾಲ್ಗುಣವೆಂಬ ಮಾತನ್ನು ಅವರು ಹೀಗೆ ತಿರುಗಿಸಿ ಆಡುತ್ತಿದ್ದುದಕ್ಕೆ ನಗುವಿಗಿಂತ ಆಳವಾದ ಕಾರಣವಿತ್ತೆಂದು ನನಗೀಗ ತೋರುತ್ತದೆ. ಕೈಗುಣವು ಹೊಗಳಿಕೆಯ ಮಾತಾದರೆ, ಕಾಲ್ಗುಣವು ನಮ್ಮ ಮನೆಗಳಲ್ಲಿ ಹೊಸ ಸೊಸೆಯ ಮೇಲೆ ಹೊರಿಸುವ ತೀರ್ಪು. ಹಸು ಸತ್ತರೂ ಮಳೆ ತಪ್ಪಿದರೂ ಹೊಸ್ತಿಲು ದಾಟಿ ಬಂದ ಆ ಹೆಣ್ಣಿನ ಪಾದವೇ ಹೊಣೆ. ಇಷ್ಟು ಕ್ರೂರವಾದ ಸಮಾಸವು ಕನ್ನಡದಲ್ಲಿ ಹೆಚ್ಚಿಲ್ಲ. ಮದುವೆಯಾದ ತಿಂಗಳಲ್ಲೇ ಮಗನಿಗೆ ಚಳಿಜ್ವರ ಬಂದಿತೆಂದು ಸೊಸೆಯ ಕಾಲ್ಗುಣವನ್ನು ಹಳಿಯುತ್ತ ಬಂದ ತಾಯಿಯೊಬ್ಬಳಿಗೆ ತಾತ, ‘ಜ್ವರ ತಂದದ್ದು ಸೊಳ್ಳೆ ಕಣಮ್ಮ. ಅದಕ್ಕೆ ಆರು ಕಾಲು. ಗುಣ ನೋಡೋದಾದ್ರೆ ಮೊದಲು ಅವನ್ನು ಎಣಿಸು’ ಎಂದದ್ದನ್ನು ನಮ್ಮಜ್ಜಿ ಅನೇಕ ಸಲ ಹೇಳುತ್ತಿದ್ದರು. ಮಲೇರಿಯವನ್ನು ಹೊತ್ತು ತರುವುದು ಸೊಳ್ಳೆಯೆಂಬುದನ್ನು ರೊನಾಲ್ಡ್ ರಾಸ್ 1897ರಲ್ಲಿ ಸಿಕಂದರಾಬಾದಿನಲ್ಲಿ ಕಂಡುಹಿಡಿದರು. ಆ ವಿಜ್ಞಾನವನ್ನು ಒಂದು ಹೆಣ್ಣಿನ ಮಾನ ಉಳಿಸಲು ಬಳಸಿದ ನಮ್ಮ ತಾತನೂ ಸಣ್ಣ ಕೆಲಸ ಮಾಡಿದವರಲ್ಲವೆಂದೇ ನನ್ನ ಅಭಿಮಾನ.

ಮುಂದೆ ಚರಕಸಂಹಿತೆಯ ಸೂತ್ರಸ್ಥಾನವನ್ನು ನೋಡುವ ಸಂದರ್ಭ ಬಂದಾಗ ತಾತನ ಮಾತಿಗೆ ಶಾಸ್ತ್ರದ ಆಧಾರವೇ ದೊರೆತಂತಾಯಿತು. ವೈದ್ಯ, ಔಷಧ, ಪರಿಚಾರಕ, ರೋಗಿ ಎಂದು ಚಿಕಿತ್ಸೆಗೆ ಅಲ್ಲಿ ನಾಲ್ಕು ಪಾದಗಳನ್ನು ಹೇಳಿ, ಒಂದೊಂದು ಪಾದಕ್ಕೂ ನಾಲ್ಕು ಗುಣಗಳಂತೆ ಒಟ್ಟು 16 ಗುಣಗಳನ್ನು ಎಣಿಸಿದ್ದಾರೆ. ವೈದ್ಯನಿಗೆ ಬೇಕಾದವು ಶಾಸ್ತ್ರಜ್ಞಾನ, ಅನುಭವ, ದಕ್ಷತೆ, ಶುಚಿತ್ವ. ರೋಗಿಗೆ ಬೇಕಾದವು ನೆನಪು, ಹೇಳಿದಂತೆ ನಡೆಯುವ ವಿಧೇಯತೆ, ಧೈರ್ಯ ಮತ್ತು ತನ್ನ ನೋವನ್ನು ತಿಳಿಯಹೇಳುವ ಶಕ್ತಿ. ಪಾದವೆಂದರೆ ಕಾಲೇ ಅಲ್ಲವೆ? ನಾವು ಕೈಗುಣವೆಂದು ಒಬ್ಬರಿಗೆ ಒಪ್ಪಿಸಿ ಕೈಮುಗಿಯುವುದು ನಾಲ್ಕು ಕಾಲುಗಳ ಮೇಲೆ ನಿಂತ ಗುಣ.

ಹಾಗೆಂದು ಕೈಗುಣವು ಬರಿಯ ಭ್ರಮೆಯೆಂದು ನಾನು ಹೇಳಲಾರೆ. ಅದೇ ಬೇಳೆ, ಅದೇ ಹುಳಿ, ಅದೇ ಉಪ್ಪು ಇದ್ದರೂ ಒಬ್ಬರ ಸಾರು ಇನ್ನೊಬ್ಬರಿಗೆ ಒಲಿಯದು. ನಮ್ಮ ಜಿಲ್ಲೆಯ ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರು, ಅಜ್ಜಿಯಿಂದ ಕಲಿತ ವಿದ್ಯೆಯಿಂದ, ಹಣವನ್ನು ಬಯಸದೆ 15,000ಕ್ಕೂ ಹೆಚ್ಚು ಹೆರಿಗೆಗಳನ್ನು ಮಾಡಿಸಿ, 2018ರಲ್ಲಿ ಪದ್ಮಶ್ರೀ ಪಡೆದು ಅದೇ ವರ್ಷದ ಡಿಸೆಂಬರಿನಲ್ಲಿ ತೀರಿಕೊಂಡರು. ಆ ಕೈಗಳಿಗೆ ಗುಣವಿರಲಿಲ್ಲವೆನ್ನಲು ಯಾವ ನಾಲಗೆಗೆ ಮನಸ್ಸು ಬಂದೀತು? ಆದರೆ ಕೈಗೆ ದೋಷವೂ ಉಂಟು. 1847ರ ಏಪ್ರಿಲಿನಲ್ಲಿ ವಿಯೆನ್ನಾದ ಆಸ್ಪತ್ರೆಯ ಒಂದು ವಿಭಾಗದಲ್ಲಿ ನೂರರಲ್ಲಿ 18 ಮಂದಿ ಬಾಣಂತಿಯರು ಸಾಯುತ್ತಿದ್ದರು. ಶವಗಳನ್ನು ಕೊಯ್ದು ಬಂದ ಕೈಗಳೇ ಆ ಸಾವನ್ನು ತರುತ್ತಿವೆಯೆಂದು ಊಹಿಸಿದ ಅಲ್ಲಿನ ವೈದ್ಯ ಸೆಮ್ಮೆಲ್‌ವೈಸ್, ಕ್ಲೋರಿನ್ ಬೆರೆತ ಸುಣ್ಣದ ನೀರಿನಲ್ಲಿ ಕೈ ತೊಳೆಯದೆ ಯಾರೂ ಬಸಿರಿಯರನ್ನು ಮುಟ್ಟಕೂಡದೆಂದು ವಿಧಿಸಲು, ಕೆಲವೇ ತಿಂಗಳಲ್ಲಿ ಆ ಸಂಖ್ಯೆ 2ರ ಆಸುಪಾಸಿಗೆ ಇಳಿಯಿತು. ತಾತನಿಗೆ ಈ ಕಥೆ ಗೊತ್ತಿತ್ತೋ ಇಲ್ಲವೋ, ಊಟಕ್ಕೆ ಕುಳಿತ ಮೊಮ್ಮಕ್ಕಳ ಅಂಗೈಗಳನ್ನು ಮಗುಚಿ ನೋಡಿ, ‘ಗುಣ ಆಮೇಲೆ ಬರುತ್ತೆ ಮಗಾ, ಮೊದಲು ಕೊಳೆ ಹೋಗಲಿ’ ಎಂದು ಬಚ್ಚಲಿಗೆ ಅಟ್ಟುತ್ತಿದ್ದರು.

ಅವರ ಪೆಟ್ಟಿಗೆಯಲ್ಲಿ ‘ಕೊರವಂಜಿ’ಯ ಹಳೆಯ ಸಂಚಿಕೆಗಳಿದ್ದವು. ಬೆಂಗಳೂರಿನಲ್ಲಿ ವೈದ್ಯವೃತ್ತಿ ನಡೆಸುತ್ತಲೇ, ರಾಶಿ ಎಂಬ ಹೆಸರಿನಿಂದ ಬರೆಯುತ್ತಿದ್ದ ಡಾಕ್ಟರ್ ಎಂ. ಶಿವರಾಂ 1942ರಿಂದ 1967ರವರೆಗೆ ಆ ನಗೆಯ ಮಾಸಪತ್ರಿಕೆಯನ್ನು ಸಾಕಿದರು, ಎಳೆಯ ಆರ್. ಕೆ. ಲಕ್ಷ್ಮಣರ ರೇಖೆಗಳಿಗೂ ಅಲ್ಲಿ ಎಡೆಯಿತ್ತು. ಮನಸ್ಸಿನ ಶಾಸ್ತ್ರವನ್ನು ಕುರಿತು ಅವರೇ ಬರೆದ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ವೈದ್ಯರೊಬ್ಬರು ತಮ್ಮ ಪತ್ರಿಕೆಗೆ ಕೊರವಂಜಿಯೆಂದು ಹೆಸರಿಟ್ಟದ್ದು ತಾತನಿಗೆ ಬಹಳ ಪ್ರಿಯವಾಗಿತ್ತು. ‘ಕೈ ಹಿಡಿದು ಕಣಿ ಹೇಳೋಳು ಅವಳು, ಕೈ ಹಿಡಿದು ನಾಡಿ ನೋಡೋರು ಇವರು, ಇಬ್ಬರೂ ಕೈ ಬಿಡೋ ಹೊತ್ತಿಗೆ ಮುಖದಲ್ಲಿ ಒಂದು ನಗು ಇರಬೇಕು’ ಎನ್ನುತ್ತಿದ್ದರು.

ಪತ್ರಿಕೆಗಳಲ್ಲಿ ಗಣ್ಯರು ‘ಗುಣಮುಖ’ರಾಗುವುದುಂಟು, ಗುಣದತ್ತ ಮುಖ ತಿರುಗಿಸಿದವರೆಂಬ ಈ ಚೆಲುವಾದ ಶಬ್ದವನ್ನು ತಾತನ ಕಡೆಯ ದಿನಗಳಲ್ಲಿ ನೋಡಲು ಬಂದ ಮೇಷ್ಟರೊಬ್ಬರು ಆಡಿ, ‘ಬೇಗ ಗುಣಮುಖರಾಗಬೇಕು’ ಎಂದರು. ತಾತ ಕಣ್ಣು ಮುಚ್ಚಿಕೊಂಡೇ, ‘ಮುಖವೇನೋ ಗುಣದ ಕಡೆಗೇ ಇದೆ ಮೇಷ್ಟ್ರೇ, ಕಾಲೆರಡು ಮಾತ್ರ ದಕ್ಷಿಣಕ್ಕೆ ಹೊರಟು ನಿಂತಿವೆ’ ಎಂದರು. ಮೇಷ್ಟರು ನಕ್ಕು ಹೊರಗೆ ಬಂದು ಜಗಲಿಯ ಮೇಲೆ ಕುಳಿತು ಅತ್ತರು. ಅಂದು ಸಂಜೆ ಏನು ಮಾಡಲೂ ತೋಚದೆ ನಾನು ಅವರ ಮಣಿಕಟ್ಟನ್ನು ಹಿಡಿದು ಕುಳಿತಿದ್ದೆನು. ‘ಅಲ್ಲಲ್ಲ, ಹೆಬ್ಬೆರಳಿನ ಬುಡಕ್ಕೆ ಬಾ’ ಎಂದು ಅವರು ಇನ್ನೊಂದು ಕೈಯನ್ನು ಮೆಲ್ಲನೆ ತಂದು ನನ್ನ ಮೂರು ಬೆರಳುಗಳನ್ನು ಸರಿಯಾದ ಜಾಗಕ್ಕೆ ಜರುಗಿಸಿದರು. ಗೋಡೆಯ ಗಡಿಯಾರವನ್ನು ನೋಡುತ್ತ ನಾನು ಎಣಿಸತೊಡಗಿದೆನು.