ಪರಂಗಿ ಹಣ್ಣು, ಪರಂಗಿ ಮೆಣಸು, ಮಟ್ಟಾಂಚೇರಿಯ ಸಾಸಂ

ಇವತ್ತು ಸ್ವಲ್ಪ ಅಡುಗೆ, ಜಾಸ್ತಿ ಇತಿಹಾಸ.

ಕೊಚ್ಚಿಯಲ್ಲಿದ್ದಾಗ ಒಂದು ಓಣಂಗೆ, ಕಾಕ್ಕನಾಡಿನ ಆಫೀಸಿಗೆ ಎಲ್ಲರೂ ಮನೆಯಿಂದ ಏನಾದ್ರೂ ಮಾಡ್ಕೊಂಡು ಬರಬೇಕಿತ್ತು. ನಾನು ಫ್ರೂಟ್ ಸಾಲ್ಸಾ ತಗೊಂಡು ಹೋದೆ. ಅನಾನಸ್, ಪಪ್ಪಾಯ, ಟೊಮೆಟೊ, ಈರುಳ್ಳಿ, ಹಸಿಮೆಣಸಿನಕಾಯಿ, ಮೇಲೆ ನಿಂಬೆರಸ. ಟೀಮಿನವರೊಬ್ಬರು ನಕ್ಕರು: "ಓಣಂಗೆ ಮೆಕ್ಸಿಕೋ ಅಡುಗೆಯಾ? ನಿಮ್ಮೂರಿಂದು ಏನೂ ಇಲ್ವಾ?" ತಮಾಷೆಗೇ ಅಂದಿದ್ದು. ಆದ್ರೂ ಚುಚ್ಚಿತು.

ಆ ಡಬ್ಬಿಯಲ್ಲಿದ್ದ ಅನಾನಸ್, ಪಪ್ಪಾಯ, ಟೊಮೆಟೊ, ಮೆಣಸಿನಕಾಯಿ ನಾಲ್ಕೂ ಅಮೆರಿಕ ಖಂಡದವು. ಇಲ್ಲಿಗೆ ತಂದವರು ಹೆಚ್ಚಾಗಿ ಪೋರ್ಚುಗೀಸರು. 1498ರಲ್ಲಿ ಕೋಳಿಕ್ಕೋಡ್, 1500ರಲ್ಲಿ ಕೊಚ್ಚಿ, 1503ರಲ್ಲಿ ಕೊಚ್ಚಿಯಲ್ಲೇ ಕೋಟೆ. ಹೆಸರುಗಳಲ್ಲಿ ಇನ್ನೂ ಅದರ ಗುರುತಿದೆ ನೋಡಿ. ನಮ್ಮಲ್ಲಿ ಪಪ್ಪಾಯಕ್ಕೆ ಪರಂಗಿ ಹಣ್ಣು. ಮಲಯಾಳಂನಲ್ಲಿ ಗೋಡಂಬಿಗೆ ಪರಂಗಿಯಂಡಿ, ಮೆಣಸಿನಕಾಯಿಗೆ ಪರಂಗಿಮುಳಗ್, ಕಪ್ಪಲ್‌ಮುಳಗ್. ಪರಂಗಿ ಅಂದ್ರೆ ಫರಂಗಿ, ಕಪ್ಪಲ್ ಅಂದ್ರೆ ಹಡಗು.

ಇನ್ನೂ ಮಜಾ ಏನಂದ್ರೆ, ಅವರು ಬಂದಿದ್ದೇ ಕಾಳುಮೆಣಸಿಗೆ. ಈಗ ಬರೀ 'ಮುಳಗ್' ಅಂದ್ರೆ ಮೆಣಸಿನಕಾಯಿ! ಹೊರಗಿಂದ ಬಂದಿದ್ದು ಮನೆಯವರ ಹೆಸರನ್ನೇ ತಗೊಂಡುಬಿಡ್ತು. ಈಗ ನಾನಿರೋ ತಿರುವನಂತಪುರದಲ್ಲಿ, ಚಾಲೆ ಮಾರ್ಕೆಟ್ಟಿನಲ್ಲಿ ಕಾಳುಮೆಣಸು ಕೇಳಿದ್ರೆ ಅಂಗಡಿಯವರು 'ನಲ್ಲಮುಳಗಾ?' ಅಂತಾರೆ. ನಮ್ಮ ಕರಾವಳಿಯ 'ಒಳ್ಳೆಮೆಣಸು', ಅಕ್ಷರಶಃ.

ಸರಿ, ಸಾಲ್ಸಾದ ಥರದ್ದು ಇಲ್ಲಿ ಏನೂ ಇರಲಿಲ್ವಾ? ಇತ್ತು. ಮಟ್ಟಾಂಚೇರಿಯ ಚೆರ್ಲಾಯಿಯಲ್ಲಿ, ತಿರುಮಲ ದೇವಸ್ವಂ ಸುತ್ತ, ಕೊಂಕಣಿ ಮಾತಾಡೋ ಗೌಡ ಸಾರಸ್ವತರಿದ್ದಾರೆ. ಅಲ್ಲಿ ಪರಿಚಯದ ಅಜ್ಜಿಯೊಬ್ಬರ ಮನೆಯಲ್ಲಿ 'ಸಾಸಂ' ತಿಂದೆ. ಹಸಿ ಹಣ್ಣಿಗೆ ತೆಂಗಿನಕಾಯಿ, ಸಾಸಿವೆ, ಒಣಮೆಣಸಿನಕಾಯಿ ರುಬ್ಬಿ ಕಲಸೋದು. ನಮ್ಮ ಮಲೆನಾಡಿನ ಸಾಸಿವೆಯ ತಂಗಿ; ನಾವು ಮೊಸರು ಹಾಕ್ತೀವಿ, ಅವರು ಹಾಕಲ್ಲ, ಅಷ್ಟೇ.

ಈ ಸಮುದಾಯದ ಅನೇಕರು 16ನೇ ಶತಮಾನದಲ್ಲಿ ಗೋವಾ ಬಿಟ್ಟು ಬಂದವರು. 1510ರಲ್ಲಿ ಗೋವಾ ಪೋರ್ಚುಗೀಸರ ಕೈಸೇರಿತು, 1560ರಲ್ಲಿ ಅಲ್ಲಿ ಇನ್‌ಕ್ವಿಸಿಷನ್ ಶುರುವಾಯ್ತು. ದೇವರು, ಭಾಷೆ, ಅಡುಗೆ ಹೊತ್ಕೊಂಡು ದಕ್ಷಿಣಕ್ಕೆ ಬಂದ್ರೆ ಕೊಚ್ಚಿಯಲ್ಲೂ ಅದೇ ಪೋರ್ಚುಗೀಸರ ಕೋಟೆ! 1663ರಲ್ಲಿ ಡಚ್ಚರು ಹಿಡಿಯೋ ತನಕ ಅದು ಅವರದ್ದೇ. ಇವರು ನೆಲೆ ನಿಂತಿದ್ದು ಕೊಚ್ಚಿ ರಾಜರ ಆಶ್ರಯದಲ್ಲಿ. ಮನೆ ಬಿಡಿಸಿದವರು ತಂದ ಅನಾನಸ್ಸು, ಮೆಣಸಿನಕಾಯಿ ಇವತ್ತು ಇವರ ಹಬ್ಬದ ಎಲೆಯಲ್ಲಿದೆ. ಅಜ್ಜಿಗೆ ಇದನ್ನ ಹೇಳಿದೆ. "ಹೌದಾ? ಹಣ್ಣೇನು ತಪ್ಪು ಮಾಡಿದೆ ಮಗಾ," ಅಂದು ಇನ್ನೊಂದು ಸೌಟು ಬಡಿಸಿದ್ರು.

ಮಾಡೋದು ಸುಲಭ. ಎರಡು ಕಪ್ ಹೆಚ್ಚಿದ ಹಣ್ಣು: ಮಾವು, ಅನಾನಸ್, ಒಂದು ಹಿಡಿ ದ್ರಾಕ್ಷಿ. ಎರ್ನಾಕುಳಂ ಜಿಲ್ಲೆಯ ವಾಳಕ್ಕುಳಂ ಅನಾನಸ್ ಸಿಕ್ರೆ ಬಿಡಬೇಡಿ, 2009ರಲ್ಲಿ ಜಿಐ ಟ್ಯಾಗ್ ಸಿಕ್ಕಿದ್ದು. ಅರ್ಧ ಕಪ್ ತೆಂಗಿನತುರಿ, ಹುರಿದ ಎರಡು ಬ್ಯಾಡಗಿ ಮೆಣಸಿನಕಾಯಿ, ಬೆಲ್ಲ ನುಣ್ಣಗೆ ರುಬ್ಬಿ. ಅರ್ಧ ಚಮಚ ಸಾಸಿವೆ ಕೊನೆಗೆ ಹಾಕಿ ಒಂದೇ ಸುತ್ತು. ಜಾಸ್ತಿ ರುಬ್ಬಿದ್ರೆ ಕಹಿ. ಒಲೆ ಬೇಡ. ಉಪ್ಪು ತಿನ್ನೋ ಹೊತ್ತಿಗೆ ಹಾಕಿ, ಇಲ್ಲಾಂದ್ರೆ ಹಣ್ಣು ನೀರು ಬಿಡುತ್ತೆ.

ಈ ಓಣಂಗೆ ಕಳಕ್ಕೂಟ್ಟಂ ಆಫೀಸಿಗೆ ಇದೇ ಹೋಗೋದು. ಹಣ್ಣು ಒಂದು ಡಬ್ಬಿ, ಮಸಾಲೆ ಒಂದು ಡಬ್ಬಿ. ಕಲಸೋದು ಪ್ಯಾಂಟ್ರಿಯಲ್ಲೇ.