ಹೂಕನ ಕೀಲು, ಅಂಬಾಸಿಡರಿನ ನಡುಕ

ಹಳೆಯ ಕಾರನ್ನು ಜೋಪಾನವಾಗಿ ಇಟ್ಟುಕೊಂಡವರಿಗೆ ಈ ಅನುಭವ ಹೊಸದಲ್ಲ. ಊರೊಳಗೆ ಗಾಡಿ ಬೆಣ್ಣೆಯಂತೆ ಹೋಗುತ್ತದೆ. ಹೆದ್ದಾರಿ ಹಿಡಿದು ಗಂಟೆಗೆ 60 ಕಿಲೋಮೀಟರ್ ಮುಟ್ಟುತ್ತಲೇ ಕಾಲಡಿಯ ತಗಡು ಗುಂಯ್‌ಗುಟ್ಟಲು ತೊಡಗುತ್ತದೆ. 80ಕ್ಕೆ ಬಂದರೆ ಹಿಂದಿನ ಸೀಟಿನಲ್ಲಿ ಕೂತ ಅಜ್ಜಿ, "ಇದೇನಪ್ಪಾ, ಬೀಸುವ ಕಲ್ಲಿನ ಮೇಲೆ ಕೂತ ಹಾಗಿದೆ" ಎನ್ನುತ್ತಾರೆ. ಈ ನಡುಕಕ್ಕೆ ಸುಮಾರು 350 ವರ್ಷಗಳ ಚರಿತ್ರೆಯಿದೆ ಎಂದರೆ ವಾಚಕರು ನಗಬಾರದು.

ಮುಂದೆ ಇಂಜಿನ್, ಹಿಂದಿನ ಗಾಲಿಗಳಿಗೆ ಚಾಲನೆ. ಇದು ಅಂಬಾಸಿಡರಿನ ರಚನೆ, ಮುಂಬಯಿಯ ಕಪ್ಪು-ಹಳದಿ ಟ್ಯಾಕ್ಸಿಯಾಗಿದ್ದ ಪ್ರೀಮಿಯರ್ ಪದ್ಮಿನಿಯದೂ ಅದೇ. (ಪದ್ಮಿನಿಯನ್ನು ಕೊಟ್ಟ ಪ್ರೀಮಿಯರ್ ಕಾರಖಾನೆ 1944ರಲ್ಲಿ ವಾಲ್‌ಚಂದ್ ಹೀರಾಚಂದರಿಂದ ಸ್ಥಾಪನೆಯಾಯಿತು. ಅದಕ್ಕೂ ಮೊದಲೇ, 1930ರ ದಶಕದಲ್ಲಿ, ಇಂಥ ಕಾರಖಾನೆ ಬೆಂಗಳೂರಿನಲ್ಲಿ ಆಗಬೇಕೆಂದು ಹಟ ಹಿಡಿದು ದುಡಿದವರು ನಮ್ಮ ವಿಶ್ವೇಶ್ವರಯ್ಯನವರು. ಆಂಗ್ಲ ಸರ್ಕಾರ ಅದಕ್ಕೆ ಎಡೆಗೊಡಲಿಲ್ಲ.) ಗೇರ್ ಪೆಟ್ಟಿಗೆಯ ಶಕ್ತಿಯನ್ನು ಹಿಂದಿನ ಆಕ್ಸಲ್‌ಗೆ ಒಯ್ಯುವುದು ಗಾಡಿಯ ಹೊಟ್ಟೆಯಡಿಯ ಪ್ರೊಪೆಲ್ಲರ್ ಶಾಫ್ಟ್. ಗುಂಡಿಗೆ ಬಿದ್ದಾಗಲೆಲ್ಲ ಆಕ್ಸಲ್ ಏರಿಳಿಯುವುದರಿಂದ ಈ ದಂಡ ಬಾಗುವ ಕೀಲಿನ ಮೂಲಕವೇ ತಿರುಗಬೇಕು. ಮಿಸ್ತ್ರಿಗಳು 'ಕ್ರಾಸ್' ಎನ್ನುವ ಯೂನಿವರ್ಸಲ್ ಜಾಯಿಂಟ್ ಇದೇ.

ಯೂರೋಪಿನ ಕೆಲವರು ಇದನ್ನು 16ನೆಯ ಶತಮಾನದ ಇಟಲಿಯ ಕಾರ್ಡಾನೊನ ಹೆಸರಿನಿಂದ ಕರೆಯುತ್ತಾರೆ. ಆದರೆ ಇದರ ಗುಣದೋಷಗಳನ್ನು ಅರಿತು ಬರೆದವನು ರಾಬರ್ಟ್ ಹೂಕ್. ಸ್ಪ್ರಿಂಗಿನ ನಿಯಮಕ್ಕಾಗಿ ನಾವೆಲ್ಲ ಬಿ.ಎಸ್ಸಿ.ಯಲ್ಲಿ ಉರುಹೊಡೆದ ಹೂಕ್ ಇವನೇ. ಸೂರ್ಯನನ್ನು ನೋಡುವ ಉಪಕರಣಗಳ ಬಗ್ಗೆ 1676ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಅವನು ಈ ಕೀಲನ್ನು ವರ್ಣಿಸಿದ. ಸೂರ್ಯ ಸಮವೇಗದಲ್ಲಿ ಸುತ್ತುವಂತೆ ಕಂಡರೂ ನೆರಳು-ಗಡಿಯಾರದ ತಟ್ಟೆಯ ಮೇಲೆ ನೆರಳು ಒಮ್ಮೆ ಬೇಗ, ಒಮ್ಮೆ ನಿಧಾನ ಸರಿಯುತ್ತದೆಯಷ್ಟೆ. ಓರೆಯಾಗಿ ಜೋಡಿಸಿದ ಕೀಲಿನ ಆಚೆಯ ದಂಡವೂ ಹಾಗೆಯೇ ತಿರುಗುತ್ತದೆ. ಎರಡಕ್ಕೂ ಗಣಿತ ಒಂದೇ.

ರೋಗದ ಮೂಲ ಇಲ್ಲಿದೆ. ಕೀಲು 10 ಡಿಗ್ರಿ ಓರೆಯಾಗಿದ್ದರೆ ಈಚೆಯ ದಂಡ ಸಮವಾಗಿ ತಿರುಗಿದರೂ ಆಚೆಯದು ಪ್ರತಿ ಸುತ್ತಿನಲ್ಲಿ ಎರಡು ಸಲ ಶೇಕಡಾ ಒಂದೂವರೆಯಷ್ಟು ಮುಂದೋಡಿ ಎರಡು ಸಲ ಅಷ್ಟೇ ಹಿಂದೆ ಬೀಳುತ್ತದೆ. 30 ಡಿಗ್ರಿಗೆ ಈ ಏರಿಳಿತ ಶೇಕಡಾ 13-15ಕ್ಕೆ ಹೋಗುತ್ತದೆ. ಮದ್ದನ್ನೂ ಹೂಕನೇ 1683ರಲ್ಲಿ ಸೂಚಿಸಿದ: ದಂಡದ ಎರಡು ತುದಿಗೂ ಒಂದೊಂದು ಕೀಲು ಹಾಕಿ, ಒಂದು ಮಾಡಿದ ತಪ್ಪನ್ನು ಇನ್ನೊಂದರಿಂದ ಅಳಿಸುವುದು. ಆದರೆ ಇದಕ್ಕೆ ಎರಡು ಷರತ್ತುಗಳುಂಟು. ಎರಡು ಕೋನಗಳೂ ಸಮವಾಗಿರಬೇಕು. ನಡುದಂಡದ ಎರಡೂ ತುದಿಯ ಕವಲುಗಳು ಒಂದೇ ಸಮತಲದಲ್ಲಿರಬೇಕು. ಷರತ್ತು ಮುರಿದರೆ ತಪ್ಪು ಅಳಿಯುವುದಿರಲಿ, ಕೂಡಿಕೊಳ್ಳಲೂಬಹುದು.

ಮೋಟಾರಿಗೆ ಈ ಕೀಲು ಬಂದದ್ದು ಬಹಳ ತಡವಾಗಿ. ಮೊದಲ ಕಾರುಗಳಲ್ಲಿ ಸೈಕಲ್ಲಿನಂತೆ ಸರಪಳಿ ಇರುತ್ತಿತ್ತು. 1898ರಲ್ಲಿ ಫ್ರಾನ್ಸಿನ ಲೂಯಿ ರೆನೋ ತನ್ನ ಪುಟ್ಟ ಗಾಡಿಗೆ ಸರಪಳಿಯ ಬದಲು ದಂಡ ಹಾಕಿದ. ಅಮೆರಿಕದಲ್ಲಿ ಕ್ಲಾರೆನ್ಸ್ ಸ್ಪೈಸರ್ ಕೀಲನ್ನು ಗ್ರೀಸ್ ಸೋರದಂತೆ ಮುಚ್ಚಿ 1903ರಲ್ಲಿ ಪೇಟೆಂಟ್ ಪಡೆದ. ಮರುವರ್ಷ ತಯಾರಿಕೆಗೇ ಇಳಿದ. ಮಾರಿಸ್ ಆಕ್ಸ್‌ಫರ್ಡ್‌ನಲ್ಲಿ, ಅದರ ಮಗುವಾದ ಅಂಬಾಸಿಡರಿನಲ್ಲಿ ಇದ್ದದ್ದು ಈ ಸ್ಪೈಸರ್ ಮನೆತನದ ಕೀಲೇ.

ಕೀಲು ಸರಿಯಿದ್ದರೂ ದಂಡಕ್ಕೆ ತನ್ನದೇ ನಡುಕವಿದೆ. 1869ರಲ್ಲಿ ರ‍್ಯಾಂಕಿನ್ ಎಂಬ ಸ್ಕಾಟ್ಲೆಂಡಿನ ಪಂಡಿತ, ತಿರುಗುವ ಪ್ರತಿಯೊಂದು ದಂಡಕ್ಕೂ ಒಂದು ಮಿತಿವೇಗವಿದೆ, ಅದನ್ನು ದಾಟಿ ಓಡಿಸಲಾಗದು ಎಂದು ಬರೆದ. 1889ರಲ್ಲಿ ಸ್ವೀಡನ್ನಿನ ದೆ ಲಾವಾಲ್ ತನ್ನ ಹಬೆ ಟರ್ಬೈನಿಗೆ ಬಳುಕುವ ಸಣ್ಣ ದಂಡ ಹಾಕಿ ಆ ಮಿತಿಯನ್ನು ದಾಟಿಸಿಯೇ ತೋರಿಸಿದ. ದೊಡ್ಡವರು ಬರೆದದ್ದೆಲ್ಲ ವೇದವಲ್ಲ ಎನ್ನಲು ನನಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕಿಲ್ಲ. ಕಾರಿನಲ್ಲಿ ಮಾತ್ರ ಆ ಸಾಹಸ ಬೇಡವೆಂದು ದಂಡವನ್ನು ಟೊಳ್ಳು ಕೊಳವೆಯಾಗಿ ಮಾಡುತ್ತಾರೆ. ಲಾರಿಗಳ ಉದ್ದದ ದಂಡವನ್ನು ನಡುವೆ ತುಂಡರಿಸಿ ಬೇರಿಂಗ್ ಕೊಡುತ್ತಾರೆ. ಉದ್ದ ಅರ್ಧವಾದರೆ ಮಿತಿವೇಗ ನಾಲ್ಕು ಪಟ್ಟಾಗುತ್ತದೆ.

ಇಷ್ಟು ತಿಳಿದರೆ ಪತ್ತೇದಾರಿಕೆ ಸುಲಭ. ಗಾಲಿಯ ಸುತ್ತಳತೆ 2 ಮೀಟರ್ ಎಂದಿಟ್ಟುಕೊಂಡರೆ 60 ಕಿ.ಮೀ. ವೇಗದಲ್ಲಿ ಅದು ಸೆಕೆಂಡಿಗೆ ಸುಮಾರು 8 ಸುತ್ತು ತಿರುಗುತ್ತದೆ. ಈ ನಡುಕ ಸ್ಟಿಯರಿಂಗಿನಲ್ಲೋ ಸೀಟಿನಲ್ಲೋ ತೂಗಾಟವಾಗಿ ತಿಳಿಯುತ್ತದೆ. ಆಕ್ಸಲ್‌ನ ಅನುಪಾತ ನಾಲ್ಕಕ್ಕೊಂದು ಎಂದರೆ ದಂಡದ ಸುತ್ತು 33. ದಂಡದ ತೂಕ ಒಂದು ಕಡೆ ಹೆಚ್ಚಾಗಿದ್ದರೆ ಅಷ್ಟೇ ನಡುಕ, ಪಾದಕ್ಕೆ ತಾಗುತ್ತದೆ. ಕೀಲುಗಳ ಜಗಳವಾದರೆ ಸುತ್ತಿಗೆರಡರಂತೆ 67. ಅದು ಕಿವಿಗೇ ಗುಂಯ್ ಎಂದು ಕೇಳುತ್ತದೆ. ಯಾವ ಗೇರಿನಲ್ಲಿದ್ದರೂ, ನ್ಯೂಟ್ರಲ್‌ನಲ್ಲಿ ತೇಲಿಬಿಟ್ಟರೂ ನಡುಕ ಅದೇ ವೇಗದಲ್ಲಿ ಬಂದರೆ ಇಂಜಿನ್ ನಿರಪರಾಧಿ.

ನಮ್ಮ ಕಾಲೊನಿಯ ಮಿತ್ರರೊಬ್ಬರ ಬಳಿ ತಂದೆಯವರ ಕಾಲದ ಅಂಬಾಸಿಡರ್ ಇದೆ. ಕಳೆದ ವರ್ಷ ಒಂದು ಗ್ಯಾರೇಜಿನಲ್ಲಿ ಕ್ರಾಸ್ ಬದಲಾಯಿಸಿದ ಮೇಲೆ ಈ ಗುಂಯ್ ಶುರುವಾಯಿತು. ಟೈರ್ ಹೊಸದಾಯಿತು, ಇಂಜಿನ್ ಕೂರುವ ರಬ್ಬರ್ ಹೊಸದಾಯಿತು, ಶಾಫ್ಟಿನ ಬ್ಯಾಲೆನ್ಸಿಂಗೂ ಆಯಿತು. ಸಂಬಳದಾರರ ಕೈ ಎಷ್ಟು ದಿನ ತಡೆದೀತು? ಗುಜರಿಯವನು ಬೆಲೆ ಕಟ್ಟಿಯೂ ಹೋಗಿದ್ದ. ಆಗ ಸಿಕ್ಕ ಒಬ್ಬ ವೃದ್ಧ ಮಿಸ್ತ್ರಿ ಬ್ಯಾಟರಿ ಹಿಡಿದು ಕೆಳಗೆ ಮಲಗಿದ, ಚಿಂದಿಯಿಂದ ಕೊಳೆ ಒರೆಸಿದ. ಗಾಡಿ ಏರಿಳಿಯುವಾಗ ಉದ್ದ ಹೊಂದಿಕೊಳ್ಳಲೆಂದು ಈ ದಂಡದಲ್ಲಿ ಹಲ್ಲುಗಳುಳ್ಳ ಜಾರುವ ಜೋಡಣೆಯೊಂದಿದೆ. ಅದರ ಎರಡು ಭಾಗಗಳ ಮೇಲೂ ಬಾಣದ ಗುರುತು ಒತ್ತಿರುತ್ತಾರೆ. ಎರಡು ಬಾಣಗಳೂ ಎದುರುಬದುರಾಗಿದ್ದರೆ ಹೂಕನ ಷರತ್ತು ಸಂದಿತು. ಇಲ್ಲಿ ಒಂದು ಹಲ್ಲು ತಪ್ಪಿತ್ತು. 16 ಹಲ್ಲಿನ ಜೋಡಣೆಯಲ್ಲಿ ಒಂದು ಹಲ್ಲೆಂದರೆ ಇಪ್ಪತ್ತೆರಡೂವರೆ ಡಿಗ್ರಿ! ಬಿಚ್ಚಿ, ತಿರುಗಿಸಿ, ಜೋಡಿಸಲು ಒಂದು ಗಂಟೆಯೂ ಹಿಡಿಯಲಿಲ್ಲ. ಗುಜರಿಯವನು ಮತ್ತೆ ಬಂದಾಗ ಗಾಡಿ ಲೋನಾವಳೆಗೆ ಹೋಗಿತ್ತು.

ಬಾಣ ಸರಿಯಿದ್ದೂ ಗುಂಯ್ ಎಂದರೆ ಕೋನ ನೋಡಬೇಕು. ಹಿಂದಿನ ಪಟ್ಟೆ ಸ್ಪ್ರಿಂಗ್ ಕುಸಿದಿದ್ದರೆ, ಭಾರಕ್ಕೆಂದು ಹೆಚ್ಚಿನ ಪಟ್ಟೆ ತುರುಕಿದ್ದರೆ ಆಕ್ಸಲ್‌ನ ಮೂತಿ ಮೇಲೋ ಕೆಳಗೋ ವಾಲಿರುತ್ತದೆ. ಸ್ಪ್ರಿಂಗ್ ಮತ್ತು ಆಕ್ಸಲ್ ನಡುವೆ ಬೆಣೆ ಕೊಟ್ಟು ಸರಿಮಾಡುತ್ತಾರೆ. ಬಿಚ್ಚುವ ಮೊದಲು ಫ್ಲೇಂಜುಗಳ ಮೇಲೂ ಗುರುತು ಹಾಕಿಸಿ. ಇನ್ನು ತೂಕದ ದೋಷವನ್ನು ಹಗುರವಾಗಿ ಕಾಣಬೇಡಿ: ಮಧ್ಯದಿಂದ ಮೂರೂವರೆ ಸೆಂಟಿಮೀಟರ್ ದೂರದಲ್ಲಿ 10 ಗ್ರಾಂ ಮಣ್ಣು ಅಂಟಿದ್ದರೂ ನಿಮಿಷಕ್ಕೆ 2000 ಸುತ್ತಿನಲ್ಲಿ ಅದು ಒಂದೂವರೆ ಕಿಲೋ ಭಾರದಷ್ಟು ಎಳೆಯುತ್ತದೆ, 4000ಕ್ಕೆ ಆರು ಕಿಲೋ. ಓಡುವ ದಂಡಕ್ಕೆ ಸೀಮೆಸುಣ್ಣ ಮುಟ್ಟಿಸಿ ಭಾರದ ಕಡೆ ಗುರುತಿಸಿ, ಎದುರು ಬದಿಗೆ ಹೋಸ್ ಕ್ಲಿಪ್ಪು ಬಿಗಿಯುವ ಹಳೆಯ ಉಪಾಯವಿದೆ. ಕೈ-ಬಟ್ಟೆ ಸಿಕ್ಕಿಕೊಳ್ಳುವ ಕೆಲಸ ಅದು, ಮನೆಯಲ್ಲಿ ಯಾರೂ ಮಾಡಬಾರದು.

ಈ ವಿದ್ಯೆ ಬಲ್ಲವರು ಕಡಮೆಯಾಗುತ್ತಿದ್ದಾರೆ. ಅಂಬಾಸಿಡರ್ ತಯಾರಿಕೆ 2014ರಲ್ಲಿ ನಿಂತಿತು. 2023ರ ಅಕ್ಟೋಬರಿನಲ್ಲಿ ಪದ್ಮಿನಿ ಟ್ಯಾಕ್ಸಿ ಮುಂಬಯಿಯ ರಸ್ತೆಯಿಂದ ಇಳಿಯಿತು. 1983ರ ಮಾರುತಿ 800ರಿಂದೀಚೆಗೆ ನಮ್ಮವರ ಸಣ್ಣ ಕಾರುಗಳಲ್ಲಿ ಮುಂದಿನ ಗಾಲಿಗೇ ಚಾಲನೆ. ಅವುಗಳಲ್ಲಿರುವುದು 1920ರ ದಶಕದಲ್ಲಿ ಆಲ್ಫ್ರೆಡ್ ರೆಪಾ ರೂಪಿಸಿದ ಗುಂಡುಗಳ ಕೀಲಿನ ಸಂತತಿ. ಅದು ಎಷ್ಟು ಓರೆಯಾದರೂ ಸಮವೇಗ ಬಿಡದು. ಅದರ ರೋಗಲಕ್ಷಣವೇ ಬೇರೆ: ರಬ್ಬರ್ ಚೀಲ ಹರಿದು ಧೂಳು ಸೇರಿದರೆ, ಗಾಡಿ ತಿರುಗಿಸುವಾಗ ಟಕ್ ಟಕ್ ಎನ್ನುತ್ತದೆ.